ಹಣೆಯ ಚರ್ಮ ಮೂಗಾದ ಕಥೆ

ಹಲಸೂರು ಗೇಟ್ ಎಂದೊಡನೆ ತಮಗೆ ಪೊಲೀಸ್ ಠಾಣೆ ನೆನಪಾಗಬಹುದು. ಬೆಂಗಳೂರು ಪೇಟೆಯಿಂದ ಹಲಸೂರಿನತ್ತ ತೆರೆಯುತ್ತಿದ್ದ ಬಾಗಿಲು ಅದು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆಗೆ ನುಗ್ಗಿದ್ದು ಅಲ್ಲಿಂದಲೇ. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಮುಗಿದ ಆ ಯುದ್ಧ ಶಸ್ತ್ರವೈದ್ಯದ ಚರಿತ್ರೆಗೆ ಒಂದು ಹೆಸರನ್ನು ಕೊಟ್ಟಿತು - ಕವಾಸ್ಜಿ.

ಈತ ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದವನು. ಟಿಪ್ಪುವಿನ ಸೆರೆಯಲ್ಲಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನೆಂದು 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಬರೆಯಿತು. ಸುಮಾರು ಒಂದು ವರ್ಷದ ನಂತರ, ಪುಣೆಯ ಬಳಿ, ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ನಿಂತು ನೋಡಿದ ವೈದ್ಯರ ಹೆಸರುಗಳು ಅಚ್ಚಾಗಿವೆ. ಮಾಡಿದವನ ಹೆಸರು ಮಾತ್ರ ಇಲ್ಲ!

ಮಾಡಿದ ಬಗೆ ಹೀಗಿತ್ತು. ತೆಳುವಾದ ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಹೊಂದಿಸಿ, ಅದನ್ನೇ ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದ. ಅಷ್ಟು ಚರ್ಮವನ್ನು ಸುಲಿದು, ತಿರುಚಿ ಕೆಳಗಿಳಿಸಿ ಮೂಗಿನ ಜಾಗಕ್ಕೆ ಕೂರಿಸಿದ. ನೀರಿನಲ್ಲಿ ಮೆತ್ತಗಾಗಿಸಿದ ಕಾಚು ಸವರಿದ ಬಟ್ಟೆಯ ಪದರಗಳೇ ಪಟ್ಟಿ. ನಾಲ್ಕು ದಿನ ಬಿಟ್ಟು ತುಪ್ಪದಲ್ಲಿ ಅದ್ದಿದ ಬಟ್ಟೆ. ಇಷ್ಟೆಲ್ಲದರ ನಡುವೆ ಎರಡು ಕಣ್ಣುಗಳ ಮಧ್ಯದ ಒಂದು ಸಣ್ಣ ಚರ್ಮದ ಎಳೆಯನ್ನು ಮಾತ್ರ ಆತ ಕತ್ತರಿಸಲಿಲ್ಲ. ಸುಮಾರು 25ನೆಯ ದಿನದವರೆಗೂ!

ಏಕೆ? ತಮ್ಮ ಹುಬ್ಬಿನ ಒಳತುದಿಯ ಮೇಲೆ ಬೆರಳಿಡಿ. ಕಣ್ಣಿನ ಗೂಡಿನಿಂದ ಹೊರಟ ಪುಟ್ಟ ಅಪಧಮನಿಯೊಂದು ಅಲ್ಲಿಂದಲೇ ಹಣೆಗೆ ಏರುತ್ತದೆ. ಆ ಎಳೆ ಉಳಿದರೆ ರಕ್ತ ಉಳಿಯಿತು, ರಕ್ತ ಉಳಿದರೆ ಚರ್ಮ ಬದುಕಿತು. ಮೂರು ವಾರಗಳಲ್ಲಿ ಮೂಗಿನ ಅಂಚಿನಿಂದ ಹೊಸ ನಾಳಗಳು ಬೆಳೆದು ಕೂಡಿಕೊಳ್ಳುತ್ತವೆ. ಆಮೇಲೆ ಎಳೆ ಬೇಡ. ಇಂದಿಗೂ ಈ ಶಸ್ತ್ರಕ್ರಿಯೆಯಲ್ಲಿ ಸಾಮಾನ್ಯವಾಗಿ ಕಾಯುವುದು ಅಷ್ಟೇ ಕಾಲ.

ಲಂಡನ್ನಿನ ಕಾರ್ಪ್ಯೂ 1814ರಲ್ಲಿ ಇದನ್ನು ಮಾಡಿ ಗೆದ್ದ. ಆದರೆ ಚರ್ಮದ ಯಾವ ಭಾಗಕ್ಕೆ ಯಾವ ಅಪಧಮನಿ ಎಂಬ ನಕ್ಷೆ ಬರಲು 1889 ಆಗಬೇಕಾಯಿತು. ಬರೆದವನು ಸ್ಟ್ರಾಸ್‌ಬರ್ಗ್‌ನ ಕಾರ್ಲ್ ಮಾನ್ಷೋ. ಆಗ ಎಕ್ಸ್-ರೇ ಕೂಡ ಇರಲಿಲ್ಲ. 1936ರಲ್ಲಿ ಫ್ರಾನ್ಸಿನ ಸಾಲ್ಮೋನ್ ಅದನ್ನು ವಿಸ್ತರಿಸಿದ. 1973ರಲ್ಲಿ ಇನ್ನೂ ಒಂದು ಹೆಜ್ಜೆ: ಆಸ್ಟ್ರೇಲಿಯದಲ್ಲಿ ಟೇಲರ್ ಮತ್ತು ಡೇನಿಯಲ್ ತೊಡೆಸಂದಿಯ ಚರ್ಮವನ್ನು ಪೂರ್ತಿ ಬಿಡಿಸಿ, ಸೂಕ್ಷ್ಮದರ್ಶಕದಡಿ ಅದರ ನಾಳಗಳನ್ನು ಕಾಲಿನ ನಾಳಗಳಿಗೆ ಹೊಲಿದರು. ಎಳೆಯೇ ಬೇಕಿಲ್ಲವಾಯಿತು.

ದುಗ್ಧರಸ ನಾಳಗಳದು ಬೇರೆಯೇ ಪೇಚು. ಅವುಗಳ ರಸಕ್ಕೆ ಬಣ್ಣವಿಲ್ಲ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ. ಪ್ಯಾರಿಸ್ಸಿನ ಸಾಪೆ ಅವಕ್ಕೆ ಪಾದರಸ ತುಂಬಿಸಿ 1874ರಲ್ಲಿ ಚಿತ್ರಸಂಪುಟವನ್ನೇ ತಂದ. ಹೊಸದಾಗಿ ಕೂರಿಸಿದ ಚರ್ಮ ಮೊದಲ ವಾರಗಳಲ್ಲಿ ಊದಿಕೊಂಡಿರುವುದಕ್ಕೆ ಈ ನಾಳಗಳು ಕಡಿದುಹೋಗಿರುವುದೂ ಒಂದು ಕಾರಣ. ಆನೆಕಾಲು ರೋಗಿಯ ಕಾಲು, ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯ ನಂತರ ಕೆಲವರಿಗೆ ಊದುವ ತೋಳು - ಇವೂ ಇದೇ ನಾಳಗಳ ಕಥೆ. ಈಗ ಒಂದು ಮಿಲಿಮೀಟರಿಗಿಂತ ಸಣ್ಣ ದುಗ್ಧನಾಳವನ್ನೂ ಪಕ್ಕದ ಅಭಿಧಮನಿಗೆ ಹೊಲಿದು ರಸಕ್ಕೆ ದಾರಿ ಮಾಡುತ್ತಾರೆ.

ತಮ್ಮ ಮನೆಯವರಿಗೆ ಇಂಥ ಶಸ್ತ್ರಕ್ರಿಯೆಯಾದರೆ, ದಾದಿ ಮೇಲಿಂದ ಮೇಲೆ ಬಂದು ಹೊಸ ಚರ್ಮವನ್ನು ಬೆರಳಿನಿಂದ ಒತ್ತಿ ನೋಡುವುದನ್ನು ಕಾಣುವಿರಿ. ಒತ್ತಿದಾಗ ಬಿಳಿಚಿ, ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ಮರಳಿದರೆ ಸರಿ. ಬಿಳಿಚಿಯೇ ಉಳಿದರೆ ರಕ್ತ ಒಳಬರುತ್ತಿಲ್ಲ, ನೀಲಿಗಟ್ಟಿದರೆ ಹೊರಹೋಗುತ್ತಿಲ್ಲ. ರಾತ್ರಿ ಎರಡು ಗಂಟೆಯಾದರೂ ಸರಿ, ತಾವು ಅದನ್ನು ಕಂಡರೆ ಕೂಡಲೇ ದಾದಿಯನ್ನು ಕರೆಯಿರಿ. ಬೀಡಿ, ಸಿಗರೇಟಂತೂ ಹತ್ತಿರ ಸುಳಿಯಬಾರದು. ನಿಕೋಟಿನ್ ಈ ಪುಟ್ಟ ನಾಳಗಳನ್ನೇ ಹಿಡಿದು ಬಿಗಿಯುತ್ತದೆ.