ಅಂಗವಿಕಲತೆಯ ತಪಾಸಣೆಗೆ ಹೋಗುವ ಮುನ್ನ

ಮಾಸಾಶನ, ಬಸ್ಸಿನ ರಿಯಾಯಿತಿ ಪಾಸು, ಕಾಲೇಜಿನಲ್ಲಿ ಸೀಟು, ಸರ್ಕಾರಿ ನೌಕರಿಯಲ್ಲಿ ಮೀಸಲಾತಿ, ಗಾಲಿಕುರ್ಚಿ ಅಥವಾ ಶ್ರವಣಯಂತ್ರ. ಅಂಗವಿಕಲರಿಗೆ ಇರುವ ಈ ಸೌಲಭ್ಯಗಳೆಲ್ಲ ಒಂದೇ ಒಂದು ಕಾಗದದ ಮೇಲೆ ನಿಂತಿವೆ. ಅದೇ ವೈದ್ಯರು ಕೊಡುವ ಅಂಗವಿಕಲತೆಯ ಪ್ರಮಾಣಪತ್ರ. ಅದು ಸಿಗುವುದೋ ಇಲ್ಲವೋ, ಸಿಕ್ಕರೆ ಎಷ್ಟು ಶೇಕಡಾ ಎಂಬುದು ಆಸ್ಪತ್ರೆಯಲ್ಲಿ ನಡೆಯುವ ಒಂದು ತಪಾಸಣೆಯಲ್ಲಿ ತೀರ್ಮಾನವಾಗುತ್ತದೆ. ಹಾಗಿದ್ದೂ ಅನೇಕ ಕುಟುಂಬಗಳು ಯಾವ ಸಿದ್ಧತೆಯೂ ಇಲ್ಲದೆ, ಹಳೆಯ ಚೀಟಿಯೊಂದನ್ನು ಕೈಯಲ್ಲಿ ಹಿಡಿದು ಬಂದುಬಿಡುತ್ತವೆ. ಸ್ವಲ್ಪ ಮುಂಚಿತವಾಗಿ ಯೋಚಿಸಿದರೆ ಎರಡು ಮೂರು ಬಾರಿ ಅಲೆಯುವುದು ತಪ್ಪುತ್ತದೆ, ನ್ಯಾಯವಾಗಿ ಸಿಗಬೇಕಾದದ್ದೂ ಸಿಗುತ್ತದೆ.

ಅಳೆಯುವುದು ಏನನ್ನು?

ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಇಲ್ಲಿ ವೈದ್ಯರು ಅಳೆಯುವುದು ನಿಮ್ಮ ಕಾಯಿಲೆಯನ್ನಲ್ಲ, ಆ ಕಾಯಿಲೆ ನಿಮ್ಮಲ್ಲಿ ಉಳಿಸಿಹೋದ ಕೊರತೆಯನ್ನು. ಇಬ್ಬರಿಗೆ ಲಕ್ವ ಹೊಡೆದಿರಬಹುದು. ಒಬ್ಬರು ಆರು ತಿಂಗಳಲ್ಲಿ ಎದ್ದು ಓಡಾಡುತ್ತಾರೆ, ಇನ್ನೊಬ್ಬರಿಗೆ ಅಂಗಿಯ ಗುಂಡಿ ಹಾಕಲೂ ಕೈ ಬರುವುದಿಲ್ಲ. ಕಾಯಿಲೆಯ ಹೆಸರು ಒಂದೇ ಆದರೂ ಇಬ್ಬರ ಪ್ರಮಾಣಪತ್ರ ಒಂದೇ ಆಗಲಾರದು.

1995ರ ಕಾಯ್ದೆಯ ಜಾಗಕ್ಕೆ ಬಂದ 2016ರ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸುತ್ತದೆ. ಕೈಕಾಲಿನ ಊನ, ಅಂಧತ್ವ, ಕಿವುಡುತನಗಳ ಜೊತೆಗೆ ಬುದ್ಧಿಮಾಂದ್ಯ, ಮಾನಸಿಕ ಅಸ್ವಸ್ಥತೆ, ಆಟಿಸಂ, ಕಲಿಕೆಯ ನ್ಯೂನತೆ, ಪಾರ್ಕಿನ್ಸನ್ ಕಾಯಿಲೆ, ಥಲಸೇಮಿಯ, ಹಿಮೋಫಿಲಿಯ, ಆ್ಯಸಿಡ್ ದಾಳಿಯ ಗಾಯ ಮೊದಲಾದವೂ ಇದರಲ್ಲಿ ಸೇರಿವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಈ ಪಟ್ಟಿಯಲ್ಲಿಲ್ಲ. ಆದರೆ ಸಕ್ಕರೆ ಕಾಯಿಲೆಯಿಂದ ಕಾಲು ತೆಗೆಯಬೇಕಾಗಿ ಬಂದಿದ್ದರೆ ಅಥವಾ ದೃಷ್ಟಿ ಹೋಗಿದ್ದರೆ ಆ ಕೊರತೆಗೆ ಪ್ರಮಾಣಪತ್ರ ಕೇಳಬಹುದು.

ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇಕಡಾ 40ರಷ್ಟು ಅಂಗವಿಕಲತೆ ಇರಬೇಕು. ನಮ್ಮ ರಾಜ್ಯದ ಮಾಸಾಶನದ ಮೊತ್ತವೂ ಶೇಕಡಾವಾರು ಪ್ರಮಾಣವನ್ನು ಅನುಸರಿಸಿ ಬದಲಾಗುತ್ತದೆ. 38 ಮತ್ತು 40ರ ನಡುವೆ ಇರುವ ಅಂತರ ಎರಡೇ ಅಂಕ. ಆದರೆ ಬಡ ಕುಟುಂಬವೊಂದಕ್ಕೆ ಅದು ತಿಂಗಳು ತಿಂಗಳು ಬರುವ ಹಣದ ಪ್ರಶ್ನೆ. ಎರಡು ಕೊರತೆಗಳಿದ್ದರೆ ಅವನ್ನು ನೇರವಾಗಿ ಕೂಡಿಸುವುದಿಲ್ಲ ಎಂಬುದೂ ತಿಳಿದಿರಲಿ. ಒಂದು ಶೇಕಡಾ 50, ಇನ್ನೊಂದು ಶೇಕಡಾ 30 ಇದ್ದರೆ ಒಟ್ಟು 80 ಆಗುವುದಿಲ್ಲ. ದೊಡ್ಡದನ್ನು ಪೂರ್ತಿ ಹಿಡಿದು, ಚಿಕ್ಕದರಲ್ಲಿ ಒಂದು ಪಾಲನ್ನು ಮಾತ್ರ ಸೇರಿಸುವ ಸೂತ್ರದಂತೆ ಸುಮಾರು 63 ಬರುತ್ತದೆ. ವೈದ್ಯರು ಲೆಕ್ಕ ತಪ್ಪಿದರೆಂದು ಗಾಬರಿಯಾಗಬೇಕಿಲ್ಲ.

ಯಾವಾಗ ಹೋಗಬೇಕು?

ಲಕ್ವ, ಮಿದುಳಿನ ಪೆಟ್ಟು ಮುಂತಾದ ನರಸಂಬಂಧಿ ತೊಂದರೆಗಳಲ್ಲಿ ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆಯೇ ತಪಾಸಣೆ ಮಾಡುತ್ತಾರೆ. ಆ ಅವಧಿಯಲ್ಲಿ ದೇಹ ಎಷ್ಟೋ ಚೇತರಿಸಿಕೊಳ್ಳುವುದರಿಂದ ಮೊದಲೇ ಅಳೆದ ಲೆಕ್ಕ ನಿಲ್ಲುವುದಿಲ್ಲ. ಆ ಆರು ತಿಂಗಳು ಸುಮ್ಮನೆ ಕಾಯುವ ಕಾಲವಲ್ಲ. ವ್ಯಾಯಾಮ ಚಿಕಿತ್ಸೆಯನ್ನು ಬಿಡದೆ ಮಾಡಿಸಿ. ‘ಕೈ ಚೆನ್ನಾಗಿ ಆಗಿಬಿಟ್ಟರೆ ಸರ್ಟಿಫಿಕೇಟ್ ಸಿಗುವುದಿಲ್ಲ’ ಎಂದು ಚಿಕಿತ್ಸೆ ನಿಲ್ಲಿಸುವವರೂ ಇದ್ದಾರೆ. ಮಾಸಾಶನಕ್ಕಿಂತ ಕೈ ದೊಡ್ಡದು.

ಅರ್ಜಿಯನ್ನು ಕೇಂದ್ರ ಸರ್ಕಾರದ ‘ಸ್ವಾವಲಂಬನ್’ ಅಂತರ್ಜಾಲ ತಾಣದಲ್ಲಿ ಹಾಕಬೇಕು. 2021ರ ಜೂನ್ 1ರಿಂದ ಪ್ರಮಾಣಪತ್ರಗಳನ್ನು ಈ ತಾಣದ ಮೂಲಕವೇ ಕೊಡಬೇಕೆಂದು ಕಡ್ಡಾಯವಾಗಿದೆ. ನೀವೇ ಹಾಕಲು ಬಾರದಿದ್ದರೆ ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಅವರು ಇರುವುದೇ ಇಂತಹ ಕೆಲಸಕ್ಕೆ. ಅರ್ಜಿಗೆ ಶುಲ್ಕವಿಲ್ಲ. ‘ಇಷ್ಟು ಕೊಡಿ, ಇಷ್ಟು ಪರ್ಸೆಂಟ್ ಮಾಡಿಸಿಕೊಡುತ್ತೇನೆ’ ಎನ್ನುವ ದಲ್ಲಾಳಿಗಳನ್ನು ಹತ್ತಿರ ಬಿಡಬೇಡಿ. ಸುಳ್ಳು ಹೇಳಿ ಸೌಲಭ್ಯ ಪಡೆದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ಕಾಗದ ಪತ್ರಗಳು

ಆಧಾರ್ ಕಾರ್ಡ್, ವಿಳಾಸದ ದಾಖಲೆ, ಈಚಿನ ಭಾವಚಿತ್ರ, ಅರ್ಜಿಯ ಪ್ರತಿ ಇಷ್ಟಂತೂ ಬೇಕೇ ಬೇಕು. ಎಲ್ಲದರಲ್ಲೂ ಹೆಸರು, ಹುಟ್ಟಿದ ದಿನಾಂಕ ಒಂದೇ ರೀತಿ ಇವೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ.

ಇನ್ನು ಚಿಕಿತ್ಸೆಯ ದಾಖಲೆಗಳು. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಸಾರಾಂಶ, ಶಸ್ತ್ರಚಿಕಿತ್ಸೆಯ ವಿವರ, ಎಕ್ಸ್‌ರೇ, ಸ್ಕ್ಯಾನ್ ವರದಿ, ಈಗ ಸೇವಿಸುತ್ತಿರುವ ಔಷಧಿಗಳ ಚೀಟಿ ಇವನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ. ಹಳೆಯದು ಕೆಳಗೆ, ಹೊಸದು ಮೇಲೆ. ಮೇಲೊಂದು ಹಾಳೆಯಲ್ಲಿ ಕಾಯಿಲೆ ಶುರುವಾದದ್ದು ಯಾವಾಗ, ಎಲ್ಲೆಲ್ಲಿ ಚಿಕಿತ್ಸೆ ಆಯಿತು, ಈಗ ಏನು ತೊಂದರೆ ಎಂದು ಹತ್ತು ಸಾಲಿನಲ್ಲಿ ಬರೆದಿಡಿ. ಮೂಲ ಪ್ರತಿಗಳನ್ನು ತೋರಿಸಿ, ಜೆರಾಕ್ಸ್ ಪ್ರತಿಗಳನ್ನು ಕೊಡಿ.

ಒಂದು ವಾರದ ಟಿಪ್ಪಣಿ

ಇದು ಬಹಳ ಮಂದಿ ಮಾಡದ, ಆದರೆ ಬಹಳ ಉಪಯೋಗಕ್ಕೆ ಬರುವ ಕೆಲಸ. ತಪಾಸಣೆಗೆ ಒಂದು ವಾರ ಮುಂಚೆ ಮನೆಯವರು ಒಂದು ನೋಟ್ ಪುಸ್ತಕ ಇಟ್ಟುಕೊಂಡು ಬೆಳಗಿನಿಂದ ರಾತ್ರಿಯವರೆಗೆ ರೋಗಿಗೆ ಯಾವ ಯಾವ ಕೆಲಸದಲ್ಲಿ ಯಾರ ಸಹಾಯ ಬೇಕಾಯಿತು ಎಂದು ಗುರುತು ಹಾಕಿ. ಹಾಸಿಗೆಯಿಂದ ಏಳುವುದು, ಶೌಚ, ಸ್ನಾನ, ಬಟ್ಟೆ, ಊಟ, ಮೆಟ್ಟಿಲು, ನೆಲದ ಮೇಲೆ ಕುಳಿತು ಏಳುವುದು, ಬಸ್ಸು ಹತ್ತುವುದು, ದುಡ್ಡು ಎಣಿಸುವುದು ಎಲ್ಲವೂ ಇರಲಿ. ಒಳ್ಳೆಯ ದಿನಗಳು ಎಷ್ಟು, ಕೆಟ್ಟ ದಿನಗಳು ಎಷ್ಟು ಎಂಬುದನ್ನೂ ಬರೆಯಿರಿ. ಜೊತೆಯಲ್ಲಿದ್ದು ದಿನವೂ ನೋಡುವವರಿಗೆ ಸಹಾಯ ಮಾಡುವುದು ಅಭ್ಯಾಸವಾಗಿಬಿಟ್ಟಿರುತ್ತದೆ. ಬರೆದಾಗಲೇ ಅದರ ಪ್ರಮಾಣ ಕಣ್ಣಿಗೆ ಬೀಳುವುದು.

ವೈದ್ಯರ ಮುಂದೆ

ನಮ್ಮ ಜನರ ಸಂಕೋಚ ಇಲ್ಲಿ ಅಡ್ಡ ಬರುತ್ತದೆ. ‘ಹೇಗಿದ್ದೀರಿ?’ ಎಂದು ವೈದ್ಯರು ಕೇಳಿದರೆ ‘ಚೆನ್ನಾಗಿದ್ದೀನಿ ಸಾರ್’ ಎನ್ನುವುದು ನಮ್ಮ ಮರ್ಯಾದೆ. ‘ಸ್ನಾನ ನೀವೇ ಮಾಡುತ್ತೀರಾ?’ ಎಂದರೆ ಯಜಮಾನರು ‘ಹೂಂ’ ಎಂದುಬಿಡುತ್ತಾರೆ. ನೀರು ಕಾಯಿಸಿ ತಂದು, ಮಣೆಯ ಮೇಲೆ ಕೂರಿಸಿ, ಬೆನ್ನು ತಿಕ್ಕಿ, ಪಂಚೆ ಉಡಿಸುವವರು ಹೆಂಡತಿ ಎಂಬ ಮಾತು ಹೊರಗೆ ಬರುವುದೇ ಇಲ್ಲ. ಎದುರಿಗೆ ನಾಲ್ಕು ಜನ ಇರುವಾಗ ಇದನ್ನು ಹೇಳುವುದು ಕಷ್ಟ, ನಿಜ. ಆದರೆ ನೀವು ಹೇಳದ್ದನ್ನು ವೈದ್ಯರು ಬರೆಯಲಾರರು. ‘ಮಾಡುತ್ತೇನೆ, ಆದರೆ ಇವಳು ಹಿಡಿದುಕೊಳ್ಳಬೇಕು’ ಎಂದು ಪೂರ್ತಿ ಹೇಳಿ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಇಲ್ಲದ ನೋವನ್ನು ನಟಿಸುವುದು, ಬರುವ ಕೈಯನ್ನು ಎತ್ತದಿರುವುದು, ಕಾಣುವ ಅಕ್ಷರವನ್ನು ಕಾಣದೆಂದು ಹೇಳುವುದು. ಅನುಭವಿ ವೈದ್ಯರಿಗೆ ಇದು ಬೇಗ ತಿಳಿಯುತ್ತದೆ. ಒಮ್ಮೆ ಅನುಮಾನ ಬಂದರೆ ನಿಜವಾದ ತೊಂದರೆಯನ್ನೂ ಅವರು ನಂಬದಂತಾಗುತ್ತದೆ. ಹೆಚ್ಚು ತೋರಿಸಲೆಂದು ಔಷಧಿ ನಿಲ್ಲಿಸುವುದಂತೂ ಅಪಾಯ. ಮಾನಸಿಕ ಕಾಯಿಲೆಯ ಅಥವಾ ಪಾರ್ಕಿನ್ಸನ್ ಕಾಯಿಲೆಯ ಮಾತ್ರೆಗಳನ್ನು ಹಠಾತ್ತಾಗಿ ಬಿಟ್ಟರೆ ತಪಾಸಣೆಯ ಬದಲು ತುರ್ತು ಚಿಕಿತ್ಸೆಗೆ ಓಡಬೇಕಾದೀತು.

ಕೆಲವು ವಿಶೇಷ ಸೂಚನೆಗಳು

ಕಣ್ಣು: ಕನ್ನಡಕ ಮರೆಯಬೇಡಿ. ಕನ್ನಡಕ ಹಾಕಿದ ಮೇಲೂ ಉಳಿಯುವ ಕೊರತೆಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಾಗಿದ್ದರೆ ಶೇಕಡಾ 30 ಎಂದೇ ನಿಗದಿಯಾಗಿದೆ.

ಕಿವಿ: ಶಬ್ದಮಾಪನ ಪರೀಕ್ಷೆ ನಡೆಯುತ್ತದೆ. ಗುಗ್ಗೆ ಇದ್ದರೆ ಮೊದಲೇ ವೈದ್ಯರಿಂದ ತೆಗೆಸಿ. ಎಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ. ಶ್ರವಣಯಂತ್ರವನ್ನು ಪರೀಕ್ಷೆಯ ಹೊತ್ತಿಗೆ ತೆಗೆಯಬೇಕಾದರೂ ವೈದ್ಯರೊಡನೆ ಮಾತನಾಡಲು ಬೇಕಾಗುತ್ತದೆ, ಜೊತೆಗಿರಲಿ. ಹೇಳಿಕೊಳ್ಳಲಾರದ ಸಣ್ಣ ಮಕ್ಕಳಿಗೆ ಮಿದುಳಿನ ಪ್ರತಿಕ್ರಿಯೆ ಅಳೆಯುವ ಬೇರೆ ಪರೀಕ್ಷೆ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಮಾಡಿಸಿದ ವರದಿ ಇದ್ದರೆ ತನ್ನಿ.

ಕೈಕಾಲು: ಸಡಿಲವಾದ ಬಟ್ಟೆ ತೊಡಿಸಿ. ಊರುಗೋಲು, ಕ್ಯಾಲಿಪರ್, ಕೃತಕ ಕಾಲು ದಿನವೂ ಬಳಸುತ್ತಿದ್ದರೆ ಅವನ್ನು ಧರಿಸಿಯೇ ಬನ್ನಿ.

ಮಾನಸಿಕ ಅಸ್ವಸ್ಥತೆ: ಸ್ವಂತ ಆರೈಕೆ, ಇತರರೊಡನೆ ಒಡನಾಟ, ಮಾತುಕತೆ ಮತ್ತು ಗ್ರಹಿಕೆ, ಕೆಲಸ ಈ ನಾಲ್ಕು ಬಾಬತ್ತುಗಳಲ್ಲಿ ಅಂಕ ಕೊಡುತ್ತಾರೆ. ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ರೋಗಿ ತನ್ನ ಬಗ್ಗೆ ಸರಿಯಾಗಿ ಹೇಳಲಾರದಿರಬಹುದು. ಆದ್ದರಿಂದ ಒಂದೇ ಮನೆಯಲ್ಲಿದ್ದು ಎಲ್ಲ ಬಲ್ಲವರೇ ಜೊತೆಗೆ ಬರಬೇಕು. ‘ಹೊರಗೆ ಗೊತ್ತಾದರೆ ತಂಗಿಯ ಮದುವೆಗೆ ತೊಂದರೆ’ ಎಂದು ವಿಷಯ ಮುಚ್ಚಿಟ್ಟರೆ ನಷ್ಟ ರೋಗಿಗೇ.

ಬುದ್ಧಿಮಾಂದ್ಯ ಮತ್ತು ಕಲಿಕೆಯ ತೊಂದರೆ: ಮಗುವಿನ ಶಾಲೆಯ ಪುಸ್ತಕಗಳು, ಅಂಕಪಟ್ಟಿ, ಉಪಾಧ್ಯಾಯರ ಪತ್ರ ಇರಲಿ. ಪರೀಕ್ಷೆ ಗಂಟೆಗಟ್ಟಲೆ ಹಿಡಿಯಬಹುದು. ನಿದ್ದೆಗೆಟ್ಟ, ಹಸಿದ ಮಗು ತನ್ನ ಶಕ್ತಿಯನ್ನು ತೋರಿಸಲಾರದು. ಹೊಟ್ಟೆ ತುಂಬ ತಿನ್ನಿಸಿ ಕರೆತನ್ನಿ. ತಾಯಿ ಪಕ್ಕದಲ್ಲಿ ಕುಳಿತು ಉತ್ತರ ಹೇಳಿಕೊಡಬಾರದು.

ಆಮೇಲೆ

ಕೊರತೆ ಬದಲಾಗುವ ಸಂಭವವಿಲ್ಲದಿದ್ದರೆ ಶಾಶ್ವತ ಪ್ರಮಾಣಪತ್ರ, ಬದಲಾಗಬಹುದಾದರೆ ಅವಧಿ ನಮೂದಿಸಿದ ತಾತ್ಕಾಲಿಕ ಪ್ರಮಾಣಪತ್ರ ಸಿಗುತ್ತದೆ. ತಾತ್ಕಾಲಿಕವಾದರೆ ಮುಗಿಯುವ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. 2024ರ ತಿದ್ದುಪಡಿಯಂತೆ ಗುರುತಿನ ಕಾರ್ಡು ಮೂರು ಬಣ್ಣಗಳಲ್ಲಿ ಬರುತ್ತದೆ: ಶೇಕಡಾ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ. ಕಾರ್ಡು ಬಂದಮಾತ್ರಕ್ಕೆ ಮಾಸಾಶನ ತಾನಾಗಿ ಬರುವುದಿಲ್ಲ. ಅದಕ್ಕೆ ನಾಡಕಚೇರಿಯಲ್ಲಿ ಬೇರೆ ಅರ್ಜಿ ಹಾಕಬೇಕು, ಆದಾಯದ ಮಿತಿಯೂ ಇದೆ.

ಪ್ರಮಾಣಪತ್ರ ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು. ತೀರ್ಮಾನ ಸರಿಯಿಲ್ಲವೆನಿಸಿದರೆ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಸಿಟ್ಟಿನಿಂದ ಕಾಗದ ಹರಿದು ಬರುವುದಕ್ಕಿಂತ, ಯಾವ ಅಂಶ ಬಿಟ್ಟುಹೋಗಿದೆ ಎಂದು ಗುರುತಿಸಿ ಅದಕ್ಕೆ ಬೇಕಾದ ವರದಿಯನ್ನು ಜೋಡಿಸುವುದು ಮೇಲು. ಆಗ ನೀವು ಬರೆದಿಟ್ಟ ಒಂದು ವಾರದ ಟಿಪ್ಪಣಿಯೂ ನೆರವಿಗೆ ಬರುತ್ತದೆ.

ಕೊನೆಯದಾಗಿ, ಸಿಕ್ಕ ಪ್ರಮಾಣಪತ್ರದ ನಾಲ್ಕೈದು ಪ್ರತಿ ತೆಗೆಸಿಡಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ನೀರು, ಗೆದ್ದಲು ತಾಗದ ಕಡೆ ಮನೆಪತ್ರದ ಜೊತೆಯಲ್ಲೇ ಅದನ್ನೂ ಭದ್ರವಾಗಿಡಿ.