ಮಾಜಿ ಸೈನಿಕರಿಗೆ ಕ್ಷಯ ಬಂದರೆ ಎಲ್ಲಿಗೆ ಹೋಗಬೇಕು?

ಎರಡು ವಾರ ಕಳೆದರೂ ಕೆಮ್ಮು ಬಿಟ್ಟಿಲ್ಲ, ಸಂಜೆಯಾದರೆ ಮೈ ಬಿಸಿಯಾಗುತ್ತದೆ, ತೂಕ ಇಳಿಯುತ್ತಿದೆ. ಇದನ್ನು ಬೀಡಿಯ ಕೆಮ್ಮೆಂದೋ ವಯಸ್ಸಿನ ಸುಸ್ತೆಂದೋ ತಳ್ಳಿಹಾಕಬೇಡಿ, ಕ್ಷಯವಿರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯದ ಅಪಾಯ ಎರಡರಿಂದ ಮೂರು ಪಟ್ಟು ಹೆಚ್ಚು.

ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ 2003ರ ಏಪ್ರಿಲ್ 1ರಿಂದ ಇಸಿಎಚ್‌ಎಸ್ ಎಂಬ ಆರೋಗ್ಯ ಯೋಜನೆ ಇದೆ. ಕಾರ್ಡ್ ಹಿಡಿದು ಮೊದಲು ಹೋಗಬೇಕಾದ್ದು ಯೋಜನೆಯ ಪಾಲಿಕ್ಲಿನಿಕ್‌ಗೆ. ಅಲ್ಲಿನ ವೈದ್ಯರು ಅಗತ್ಯ ಕಂಡರೆ ಸೇನಾ ಆಸ್ಪತ್ರೆಗೋ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೋ ರೆಫರಲ್ ಬರೆದುಕೊಡುತ್ತಾರೆ. ಕೈಯಿಂದ ಹಣ ಕಟ್ಟಬೇಕಿಲ್ಲ. ಕೆಮ್ಮಿದಾಗ ರಕ್ತ ಬೀಳುವಂಥ ತುರ್ತಿನಲ್ಲಿ ಮಾತ್ರ ರೆಫರಲ್‌ಗೆ ಕಾಯದೆ ಹತ್ತಿರದ ಆಸ್ಪತ್ರೆ ಸೇರಿ. ಅದು ಯೋಜನೆಯ ಪಟ್ಟಿಯಲ್ಲಿಲ್ಲದಿದ್ದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ. ಬಿಲ್ಲುಗಳನ್ನು ಜೋಪಾನವಾಗಿಡಿ, ನಿಗದಿತ ದರದಂತೆ ಹಣ ಮರುಪಾವತಿಯಾಗುತ್ತದೆ.

ಆದರೆ ಕೊಡಗಿನ ತೋಟದ ನಡುವಿನ ಮನೆಯಿಂದ ಮಡಿಕೇರಿಯ ಪಾಲಿಕ್ಲಿನಿಕ್ ದೂರವೆಂದು ಪರೀಕ್ಷೆ ಮುಂದೂಡುವುದು ಬೇಡ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಕೊಡಿ. ಪರೀಕ್ಷೆಯೂ ಔಷಧವೂ ಉಚಿತ. ಇಸಿಎಚ್‌ಎಸ್ ಕಾರ್ಡ್ ಇದ್ದವರಿಗೂ ಈ ಬಾಗಿಲು ತೆರೆದೇ ಇದೆ. ರೋಗ ಎಲ್ಲಿಯೇ ಪತ್ತೆಯಾದರೂ ಸರ್ಕಾರಕ್ಕೆ ವರದಿ ಮಾಡುವುದು 2012ರಿಂದ ಕಡ್ಡಾಯ. ಕ್ಷಯ ರೋಗಿಗಳನ್ನು ದಾಖಲಿಸುವ ಸರ್ಕಾರಿ ಜಾಲತಾಣ ನಿಕ್ಷಯ್‌ನಲ್ಲಿ ಹೆಸರು ದಾಖಲಾದ ಮೇಲೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2024ರ ನವೆಂಬರ್‌ಗೆ ಮೊದಲು ಇದು 500 ರೂಪಾಯಿ ಇತ್ತು.

ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಮೂರು. ಇಲ್ಲೊಂದು ಎಚ್ಚರ ಬೇಕು. ಸಕ್ಕರೆ, ಬಿಪಿ ಗುಳಿಗೆ ಪಾಲಿಕ್ಲಿನಿಕ್‌ನಿಂದ, ಕ್ಷಯದ ಗುಳಿಗೆ ಆರೋಗ್ಯ ಕೇಂದ್ರದಿಂದ ಬರುತ್ತಿದ್ದರೆ ಎರಡೂ ಕಡೆಯ ಚೀಟಿಗಳನ್ನು ಇಬ್ಬರೂ ವೈದ್ಯರಿಗೆ ತೋರಿಸಿ. ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್ ಹಲವು ಸಕ್ಕರೆ, ಬಿಪಿ ಗುಳಿಗೆಗಳ ಬಲವನ್ನು ಕುಗ್ಗಿಸುತ್ತದೆ; ಪ್ರಮಾಣ ಬದಲಿಸಬೇಕಾಗಬಹುದು. ರಿಫಾಂಪಿಸಿನ್‌ನಿಂದಲೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಕೂಡಲೇ ವೈದ್ಯರನ್ನು ಕಾಣಿ.

ತಿಂಗಳೊಪ್ಪತ್ತಿನಲ್ಲಿ ಕೆಮ್ಮು ನಿಂತಿತೆಂದು ಗುಳಿಗೆ ಬಿಡಬೇಡಿ. ಉಳಿದ ಕ್ರಿಮಿಗಳು ಔಷಧಕ್ಕೆ ಜಗ್ಗದಂತಾದರೆ ಚಿಕಿತ್ಸೆ ಬಹಳ ಕಠಿಣ. ಮನೆಯವರನ್ನೂ ತಪಾಸಣೆಗೆ ಕರೆದೊಯ್ಯಿರಿ. ಸಂದೇಹವಿದ್ದರೆ ನಿಕ್ಷಯ್ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಿ, ಕರೆ ಉಚಿತ.