ಹಿಚ್ ಕೊಳ್ಳುವ ಮುನ್ನ ತೂಕದ ಚೀಟಿ

ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಹೆದ್ದಾರಿಗಳಲ್ಲಿ ಪಿಕಪ್ ಟ್ರಕ್ಕುಗಳ ಹಿಂದೆ ಟ್ರಾವೆಲ್ ಟ್ರೇಲರುಗಳು ಸಾಲುಗಟ್ಟುತ್ತವೆ. ಅಲ್ಲಿ ನೆಲೆಸಿದ ಕನ್ನಡಿಗರಲ್ಲೂ ಈ ಹವ್ಯಾಸ ಹಿಡಿದವರಿದ್ದಾರೆ. ಟ್ರೇಲರ್ ಕೊಂಡ ಮೇಲೆ ಎದುರಾಗುವ ಪ್ರಶ್ನೆ ಭಾರ ಹಂಚುವ ಕೊಂಡಿಯಾದ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನದು. ಚರ್ಚೆಯೆಲ್ಲ ಬ್ರ್ಯಾಂಡಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಆದರೆ ಬ್ರ್ಯಾಂಡ್ ಇಲ್ಲಿ ಕೊನೆಯ ಮಾತು. ಮೊದಲು ತಿಳಿಯಬೇಕಾದದ್ದು ಟಂಗ್ ವೇಟ್, ಅಂದರೆ ಟ್ರೇಲರಿನ ಮೂತಿ ಟ್ರಕ್ಕಿನ ಮೇಲೆ ಹೇರುವ ಭಾರ.

ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಇದು ಗೊತ್ತಿರುವ ವಿದ್ಯೆಯೇ: ಹಿಂಭಾರವಾದರೆ ನೊಗ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಸೋಲುತ್ತದೆ. ಟ್ರಾವೆಲ್ ಟ್ರೇಲರಿನ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಮೂತಿಯ ಮೇಲಿರಬೇಕು ಎಂಬುದು ಅಲ್ಲಿನ ರೂಢಿ. 2,700 ಕೆ.ಜಿ.ಯ ಟ್ರೇಲರ್ ಸುಮಾರು 340 ಕೆ.ಜಿ. ಹೇರುತ್ತದೆ ಎಂದಿಟ್ಟುಕೊಳ್ಳಿ. ಟ್ರಕ್ಕಿನ ಎರಡು ಆಕ್ಸಲ್‌ಗಳ ನಡುವೆ 3 ಮೀಟರ್, ಹಿಂದಿನ ಆಕ್ಸಲ್‌ನಿಂದ ಹಿಚ್ ಬಾಲ್‌ಗೆ ಒಂದೂವರೆ ಮೀಟರ್ ಇದ್ದರೆ, ಸನ್ನೆಕೋಲಿನ ಲೆಕ್ಕದಲ್ಲಿ ಹಿಂದಿನ ಆಕ್ಸಲ್ ಮೇಲೆ 510 ಕೆ.ಜಿ. ಏರುತ್ತದೆ, ಮುಂದಿನದರಿಂದ 170 ಕೆ.ಜಿ. ಇಳಿಯುತ್ತದೆ. ದಿಕ್ಕು ತಿರುಗಿಸುವ, ಬ್ರೇಕಿನ ದೊಡ್ಡ ಪಾಲು ಹೊರುವ ಚಕ್ರಗಳೇ ಹಗುರಾದವು ಎಂದಾಯಿತು. ಈ ಹಿಚ್ಚಿನ ಸ್ಪ್ರಿಂಗ್ ಬಾರ್‌ಗಳನ್ನು ಬಿಗಿದಾಗ ಆ ಭಾರದಲ್ಲಿ ಒಂದಷ್ಟು ಮುಂದಿನ ಆಕ್ಸಲ್‌ಗೆ ಮರಳುತ್ತದೆ, ಒಂದಷ್ಟು ಟ್ರೇಲರಿನ ಚಕ್ರಗಳಿಗೆ ಹೋಗುತ್ತದೆ. ಹಿಂದಿನ ಸಸ್ಪೆನ್ಷನ್‌ಗೆ ಏರ್ ಬ್ಯಾಗ್ ಹಾಕಿದರೆ ಸಾಲದೇ ಎನ್ನುವವರಿದ್ದಾರೆ. ಸಾಲದು. ಟ್ರಕ್ಕಿನ ಹಿಂಭಾಗ ಎತ್ತರಕ್ಕೆ ಬಂದು ನೋಡಲು ಸಮವಾಗುತ್ತದೆ, ಮುಂದಿನ ಚಕ್ರಕ್ಕೆ ಕಳೆದ ತೂಕ ಮರಳುವುದಿಲ್ಲ.

ಹಾಗಾದರೆ ಹೆಚ್ಚು ಸಾಮರ್ಥ್ಯದ ಬಾರ್ ಕೊಂಡರೆ ಸುರಕ್ಷಿತವಲ್ಲವೇ? ಇದು ತೀರಾ ಸಹಜವಾದ, ಆದರೆ ಅರ್ಧ ಮಾತ್ರ ಸರಿಯಾದ ವಾದ. ಬಾರ್ ಅಗತ್ಯಕ್ಕಿಂತ ಗಡುಸಾದರೆ ಪ್ರತಿ ಕುಲುಕೂ ಟ್ರೇಲರಿನ ಚೌಕಟ್ಟಿಗೆ ಬಡಿಯುತ್ತದೆ. ಅತಿಯಾಗಿ ಬಿಗಿದರೆ ಹಿಂದಿನ ಚಕ್ರಗಳು ಹಗುರಾಗಿ ತಿರುವಿನಲ್ಲಿ ಜಾರುವ ಅಪಾಯ. ಆದ್ದರಿಂದಲೇ ಈಗಿನ ಹಲವು ವಾಹನ ಕೈಪಿಡಿಗಳು ಟ್ರೇಲರ್ ಕೂಡಿಸಿದಾಗ ಆಗುವ ಮುಂಭಾಗದ ಏರಿಕೆಯನ್ನು ಪೂರ್ತಿಯಲ್ಲ, ಭಾಗಶಃ ಇಳಿಸಿ ಎನ್ನುತ್ತವೆ. ನಿಮ್ಮ ಕೈಪಿಡಿ ಹೇಳಿದ್ದೇ ಅಂತಿಮ, ಮಾರಾಟಗಾರನ ಮಾತಲ್ಲ. ಬಾರ್ ಆರಿಸುವಾಗ ಕರಪತ್ರದ ಖಾಲಿ ಟ್ರೇಲರಿನ ಅಂಕಿ ನಂಬಬಾರದು. ನೀರು, ಗ್ಯಾಸ್ ಸಿಲಿಂಡರ್, ಬ್ಯಾಟರಿ, ಅಡುಗೆ ಸಾಮಾನು ತುಂಬಿದ ಮೇಲಿನ ಟಂಗ್ ವೇಟ್ ಬೇಕು. ಟ್ರಕ್ಕಿನ ಹಿಂದಿನ ಆಕ್ಸಲ್‌ನ ಆಚೆ ಇಟ್ಟ ಸಾಮಾನಿನ ತೂಕವನ್ನೂ ಅದಕ್ಕೆ ಕೂಡಿಸಬೇಕು.

ಯುರೋಪಿನಲ್ಲಿ ಈ ಹಿಚ್ ಇಲ್ಲದೆ ನಡೆಯುವುದಿಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಅಲ್ಲಿನ ಕ್ಯಾರವಾನ್ ಹಗುರ, ಮೂತಿಯ ಭಾರ ಸಾಮಾನ್ಯವಾಗಿ 100 ಕೆ.ಜಿ. ಆಸುಪಾಸು, ಜರ್ಮನಿಯಲ್ಲಿ ಕ್ಯಾರವಾನ್ ಎಳೆಯುವಾಗಿನ ವೇಗಮಿತಿ ಗಂಟೆಗೆ 80 ಕಿ.ಮೀ., ವಿಶೇಷ ಅನುಮತಿ ಇದ್ದರೆ 100. ಟೆಕ್ಸಾಸ್‌ನ ಹೆದ್ದಾರಿಯ ವೇಗಕ್ಕೆ ಆ ಲೆಕ್ಕ ಹೊಂದದು. ಇನ್ನು ಟ್ರೇಲರ್ ಬಾಲ ಅಲ್ಲಾಡಿಸುವುದನ್ನು ತಡೆಯಲು ಈಕ್ವಲೈಜರ್‌ನಂಥ ಹಿಚ್ಚುಗಳು ಘರ್ಷಣೆಯನ್ನು ನೆಚ್ಚುತ್ತವೆ. ಹೆನ್ಸ್ಲಿ ಮಾದರಿಯವು ತೋಳುಗಳ ಜೋಡಣೆಯಿಂದ ಮೂಲವನ್ನೇ ತಡೆಯುತ್ತವೆ, ಬೆಲೆ ಮಾತ್ರ ಹಲವು ಪಟ್ಟು. ಎರಡೂ ಒಳ್ಳೆಯವೇ, ಆದರೆ ಟ್ರೇಲರಿನ ಹಿಂಬದಿಗೆ ಸಾಮಾನು ಪೇರಿಸಿದ ತಪ್ಪನ್ನು ಮುಚ್ಚಲು ಅವನ್ನು ಕೊಳ್ಳಬಾರದು.

ಅಮೆರಿಕದ ಟ್ರಕ್ ನಿಲ್ದಾಣಗಳ ತೂಕಯಂತ್ರವಾದ ಕ್ಯಾಟ್ ಸ್ಕೇಲ್‌ನಲ್ಲಿ ಮೂರು ಸಲ ತೂಗಿಸಿ: ಟ್ರಕ್ ಮಾತ್ರ, ಬಾರ್ ಬಿಗಿಯದ ಟ್ರೇಲರಿನೊಂದಿಗೆ, ಬಾರ್ ಬಿಗಿದು. ಮೊದಲ ಎರಡು ಚೀಟಿಗಳು ಟಂಗ್ ವೇಟ್ ಹೇಳಿ ಯಾವ ಬಾರ್ ಬೇಕೆಂದು ತೋರಿಸುತ್ತವೆ. ಮೂರನೆಯದು ಬಿಗಿದದ್ದು ಸರಿಯೇ ಎಂದು ಹೇಳುತ್ತದೆ. ಚಾಲಕನ ಬಾಗಿಲ ಬದಿಯ ಸ್ಟಿಕರ್‌ನಲ್ಲಿರುವ ಪೇಲೋಡ್ ಮಿತಿಯನ್ನು ಟಂಗ್ ವೇಟ್, ಜನ, ಸಾಮಾನು ಸೇರಿದ ಭಾರ ದಾಟಿದ್ದರೆ ಯಾವ ಹಿಚ್ಚೂ ಉತ್ತರವಲ್ಲ. ಆಗ ಚಿಕ್ಕ ಟ್ರೇಲರ್ ಇಲ್ಲವೇ ದೊಡ್ಡ ಟ್ರಕ್ ಕೊಳ್ಳಿ.